ಪ್ರವಾಸದಲ್ಲಿ ಸಿಕ್ಕಿದ ಮಗ



ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಪ್ರತಿ ವರ್ಷ ಪಾಸ್ಖ ಹಬ್ಬಕ್ಕೆ ಜೆರುಸಲೇಮಿಗೆ ಹೋಗುತ್ತಿದ್ದರೆಂದು ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಬಾಲಯೇಸುವಿಗೆ 12 ವರ್ಷವಾಗಿದ್ದಾಗ, ಮಗ ನೆಂಟರಿಷ್ಟರ ಜೊತೆಯಲ್ಲಿರಬಹುದೆಂದು ಭಾವಿಸಿ ಅವರು ಒಂದು ದಿನದ ದಾರಿ ನಡೆದೇಬಿಟ್ಟರು. ಪವಿತ್ರ ಕುಟುಂಬದಲ್ಲಿಯೇ ಹೀಗಾದ ಮೇಲೆ ನಮ್ಮ ನಿಮ್ಮ ಮನೆಗಳ ಮಾತೇನು? ಒಂದೇ ಸೂರಿನಡಿ ಇದ್ದೂ ಮಗ ಎಲ್ಲಿದ್ದಾನೆಂದು ತಿಳಿಯದ ತಂದೆ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ!

ಒಮ್ಮೆ ದಸರಾ ರಜೆಯಲ್ಲಿ ಪರಿಚಯದ ಒಂದು ಕುಟುಂಬದೊಡನೆ ನಾನು ವಿಜಯಪುರಕ್ಕೆ ಹೋಗಿದ್ದೆ. ಆ ಮನೆಯ ಮಗ ಪಿಯುಸಿಯಲ್ಲಿ ನಪಾಸಾಗಿದ್ದ. ಫಲಿತಾಂಶದ ದಿನ ತಂದೆ ಸಿಟ್ಟಿನಲ್ಲಿ, "ನೀನು ನನ್ನ ಮಗನೇ ಅಲ್ಲ" ಎಂದುಬಿಟ್ಟಿದ್ದರು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. "ಅವನನ್ನು ಊಟಕ್ಕೆ ಕರಿ" ಎಂದು ತಂದೆ, "ಅಪ್ಪನಿಗೆ ಹೇಳಮ್ಮ" ಎಂದು ಮಗ. ನಡುವೆ ತಾಯಿಯ ಜೀವ ಸವೆಯುತ್ತಿತ್ತು. ಈ ಪ್ರವಾಸದ ಏರ್ಪಾಡು ಆ ತಾಯಿಯದೇ.

ಶನಿವಾರ ಗೋಳಗುಮ್ಮಟ ನೋಡಿದೆವು. 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ನಡುವೆ ಒಂದು ಕಂಬವೂ ಇಲ್ಲದೆ ನಿಂತಿರುವ ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರು. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಹೋದರೆ ಒಳಗೆ ಪಿಸುಮಾತಿನ ಮೊಗಸಾಲೆ ಸಿಗುತ್ತದೆ. ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ನಾವು ಹೋದಾಗ ಜನರೆಲ್ಲ ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ಹತ್ತಾರು ಪ್ರತಿಧ್ವನಿಗಳ ನಡುವೆ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಅಷ್ಟೇ ಅಲ್ಲವೇ? ಎಲ್ಲರೂ ಕೂಗುತ್ತೇವೆ, ಯಾರಿಗೂ ಕೇಳಿಸುವುದಿಲ್ಲ.

ಗದ್ದಲ ಸ್ವಲ್ಪ ಇಳಿದಾಗ ತಾಯಿ ಮಗನನ್ನು ಎದುರು ಬದಿಗೆ ಕಳುಹಿಸಿ, "ಏನಾದರೂ ಮಾತಾಡಿರಿ" ಎಂದು ಗಂಡನನ್ನು ಕೇಳಿಕೊಂಡರು. ಹುಡುಗ ಗೋಡೆಗೆ ಕಿವಿಯಿಟ್ಟು ಕಾದ. ತಂದೆ ಗೋಡೆಯ ಹತ್ತಿರ ಹೋದರು, ನಿಂತರು, ಬಾಯಿ ಬರಲಿಲ್ಲ. ಆಡದ ಮಾತನ್ನು ಯಾವ ಗೋಡೆ ತಾನೇ ದಾಟಿಸೀತು?

ಸಂಜೆ ಬಾರಾ ಕಮಾನಿಗೆ ಹೋದೆವು. ಮಹಮ್ಮದನ ಮಗ ಎರಡನೆಯ ಅಲಿ ಆದಿಲ್ ಶಾಹನ ಸಮಾಧಿಯದು. 1672ರಲ್ಲಿ ಅವನು ತೀರಿಕೊಂಡ. ಕಟ್ಟಡ ಪೂರ್ತಿಯಾಗಲೇ ಇಲ್ಲ. ಚಾವಣಿಯಿಲ್ಲದ ಕರಿಕಲ್ಲಿನ ಕಮಾನುಗಳು ಆಕಾಶ ನೋಡುತ್ತಾ ನಿಂತಿವೆ. ಗೋಪುರ ಕಟ್ಟಲು ಹೊರಟು ಮುಗಿಸಲಾರದವನ ಸಾಮತಿಯನ್ನು ಪ್ರಭು ಹೇಳಿದ್ದು ನನಗೆ ನೆನಪಾಯಿತು. ನಾಳೆ ಮಾತಾಡೋಣ, ಹಬ್ಬಕ್ಕೆ ರಾಜಿಯಾಗೋಣ ಎಂದು ನಾವು ಮುಂದೂಡುತ್ತೇವೆ. ಆ ನಾಳೆಯನ್ನು ನಮಗೆ ಬರೆದುಕೊಟ್ಟವರು ಯಾರು?

ಮರುದಿನ ಭಾನುವಾರ. ಪ್ರವಾಸವೆಂದು ಬಲಿಪೂಜೆ ತಪ್ಪಿಸಬಾರದೆಂದು ಎಲ್ಲರೂ ನಗರದ ದೇವಾಲಯಕ್ಕೆ ಹೋದರು. ಶಾಂತಿ ಕೋರುವ ವೇಳೆಯಲ್ಲಿ ತಂದೆ ಸುತ್ತಲಿನ ಅಪರಿಚಿತರಿಗೆಲ್ಲ ಕೈಮುಗಿದರು. ಪಕ್ಕದಲ್ಲಿದ್ದ ಮಗನ ಕಡೆ ಮಾತ್ರ ತಿರುಗಲಿಲ್ಲ.

ಪೂಜೆ ಮುಗಿಸಿ ಅಥಣಿ ರಸ್ತೆ ಹಿಡಿದು ತಿಕೋಟಾಕ್ಕೆ ಹೊರಟೆವು. ತಿಕೋಟಾ, ಬಬಲೇಶ್ವರ ಸೀಮೆಯೆಂದರೆ ದ್ರಾಕ್ಷಿ, ಒಣದ್ರಾಕ್ಷಿಯ ನಾಡು. ಅಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಬಳ್ಳಿಯನ್ನು ಕತ್ತರಿಸುತ್ತಾರೆ. ಅದಕ್ಕೆ ಚಾಟ್ನಿ ಎನ್ನುತ್ತಾರೆ. ಅಕ್ಟೋಬರ್ ಚಾಟ್ನಿಯ ನಂತರ ಹೂ ಬಿಟ್ಟು, ನಾಲ್ಕಾರು ತಿಂಗಳಲ್ಲಿ ಹಣ್ಣು ಕೈಗೆ ಬರುತ್ತದೆ. ತೋಟದಲ್ಲಿ ಕತ್ತರಿ ಹಿಡಿದಿದ್ದ ಮುದುಕರೊಬ್ಬರನ್ನು, "ಹೀಗೆ ಕತ್ತರಿಸಿದರೆ ಬಳ್ಳಿ ಸಾಯುವುದಿಲ್ಲವೇ ಅಜ್ಜಾ?" ಎಂದು ಆ ತಂದೆ ಕೇಳಿದರು.

"ಕಣ್ಣ ನೋಡಿ ಕತ್ತರಿ ಹಾಕಬೇಕ್ರೀ. ಸಿಟ್ಟಿಲೆ ಹಾಕಿದ್ರ ಹಣ್ಣೂ ಇಲ್ಲ, ಬಳ್ಳೀನೂ ಇಲ್ಲ" ಎಂದರು ಅಜ್ಜ. ಚಿಗುರು ಒಡೆಯುವ ಗಿಣ್ಣನ್ನು ಅವರು ಕಣ್ಣು ಎನ್ನುತ್ತಾರೆ.

ಪ್ರಿಯರೇ, ಸ್ವರ್ಗೀಯ ಪಿತನೇ ತೋಟಗಾರನೆಂದು, ಫಲ ಕೊಡುವ ಕವಲನ್ನು ಇನ್ನೂ ಹೆಚ್ಚು ಫಲ ಕೊಡಲೆಂದು ಆತ ಸವರುತ್ತಾನೆಂದು ಸಂತ ಯೊವಾನ್ನನ 15ನೆಯ ಅಧ್ಯಾಯದಲ್ಲಿ ಪ್ರಭುವೇ ಹೇಳಿದ್ದಾರೆ. ಮಕ್ಕಳನ್ನು ತಿದ್ದಲೇಬೇಕು, ಅದು ನಮ್ಮ ಕರ್ತವ್ಯ. ಆದರೆ ದೇವರ ಕತ್ತರಿ ನಮ್ಮಲ್ಲಿರುವ ಚಿಗುರನ್ನು ನೋಡಿ ಇಳಿಯುತ್ತದೆ; ನಮ್ಮ ನಾಲಿಗೆಯ ಕತ್ತರಿ ಎಷ್ಟೋ ಸಲ ಏನನ್ನೂ ನೋಡುವುದಿಲ್ಲ.

ತೋಟದಿಂದ ಹಿಂದಿರುಗುವ ಕಾಲುದಾರಿಯಲ್ಲಿ ಆ ತಂದೆ ಮಗನ ಹೆಗಲ ಮೇಲೆ ಕೈಯಿಟ್ಟು, "ಮಗಾ, ಅವತ್ತು ನಾನು ಕಣ್ಣು ನೋಡಲಿಲ್ಲ" ಎಂದರು. ಹುಡುಗ ಏನೂ ಹೇಳಲಿಲ್ಲ. ತಂದೆಯ ಕೈಯಲ್ಲಿದ್ದ ಚೀಲವನ್ನು ತಾನು ತೆಗೆದುಕೊಂಡು ಜೊತೆಗೆ ನಡೆದ. ಹಿಂದೆ ಬರುತ್ತಿದ್ದ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಗನಿಲ್ಲವೆಂದು ತಿಳಿದಾಗ ಮರಿಯಮ್ಮನವರೂ ಜೋಸೆಫರೂ ದಾರಿ ಸವೆಯಿತೆಂದು ಲೆಕ್ಕಿಸದೆ ಹಿಂದಿರುಗಿ ಹುಡುಕಿದರು. ನೀವೂ ಹಿಂದಿರುಗಿರಿ. ಇಂದು ರಾತ್ರಿ ಜಪಸರ ಮುಗಿದ ಮೇಲೆ, ಮಾತು ಬಿಟ್ಟವರೊಡನೆ ಒಂದು ಮಾತು ಆಡಿರಿ. ಮೆಲ್ಲಗೆ ಆಡಿದರೂ ಸಾಕು, ಕೇಳಿಸುತ್ತದೆ.

ಪ್ರಭುವೇ, ನಮ್ಮ ಮನೆಗಳಲ್ಲಿ ನಿಂತುಹೋದ ಮಾತನ್ನು ಮತ್ತೆ ಆರಂಭಿಸುವ ದೀನತೆಯನ್ನು ನಮಗೆ ದಯಪಾಲಿಸು. ಆಮೆನ್.