ಇಲ್ಲದ ನಾಡಿನ ನೀರಿನ ಲೆಕ್ಕ

ಕಳೆದ ಬೇಸಿಗೆಯಲ್ಲಿ ಶಹಾಪುರದ ಮನೆಯಲ್ಲಿ ಕೂತು ಇಲ್ಲದ ಒಂದು ನಾಡಿನ ನಕ್ಷೆ ಬರೆಯುತ್ತಿದ್ದೆ. ಪಿಎಚ್‌ಡಿ ಪ್ರಬಂಧದಿಂದ ತಪ್ಪಿಸಿಕೊಳ್ಳಲು ಶುರು ಮಾಡಿದ ಕಾದಂಬರಿಗೆ ಬೇಕಾದ ನಕ್ಷೆ ಅದು. ಪಶ್ಚಿಮಕ್ಕೆ ಕಡಲು, ಕಡಲಿಗೆ ಒತ್ತಿಕೊಂಡ ಬೆಟ್ಟಸಾಲು, ಅದರಾಚೆ ಬಯಲು. ಮೋಡಗಳು ಬೆಟ್ಟ ಹತ್ತುವಾಗಲೇ ಮಳೆ ಸುರಿಸಿಬಿಡುತ್ತವೆ. ಹಾಗಾಗಿ ಬಯಲು ಮಳೆನೆರಳಿಗೆ ಸೇರಿದ್ದು. ಬೆಟ್ಟದಲ್ಲಿ ಹುಟ್ಟಿ ಬಯಲು ದಾಟುವ ಎರಡು ನದಿಗಳನ್ನು ಎಳೆದೆ. ಅವುಗಳ ನಡುವಿನ ಜಾಗದಲ್ಲಿ ‘ಇಲ್ಲಿ ನೀರಿಲ್ಲ, ಜನ ಬಡವರು’ ಎಂದು ಟಿಪ್ಪಣಿ ಬರೆದೆ. ಚಹಾ ಕೊಡಲು ಬಂದ ಅವ್ವ ಹಾಳೆಯ ಮೇಲೆ ಕಣ್ಣಾಡಿಸಿ ಕೇಳಿದಳು: “ಎರಡ್ ಹೊಳಿ ಬಾಜೂಕೇ ಅವ. ಮತ್ತ ಇವ್ರಿಗಿ ನೀರ್ ಯಾಕಿಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲದ ನಾಡನ್ನು ಕಟ್ಟುವವರಿಗೆ ಯಾವ ಹೊಣೆ ಇರುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಅಲ್ಲಿ ಯಾರೂ ಇಲ್ಲ, ಆದ್ದರಿಂದ ಹೊಣೆಯೂ ಇಲ್ಲ ಎನ್ನಬಹುದು. ವಿಲಿಯಂ ಫಾಕ್ನರ್ 1936ರ ತನ್ನ ಕಾದಂಬರಿಗೆ ಕಲ್ಪನೆಯ ಕೌಂಟಿಯೊಂದರ ನಕ್ಷೆ ಬರೆದು, ಅದರ ಮೇಲೆ ತಾನೇ ಅದರ ಏಕೈಕ ಒಡೆಯ ಎಂದು ನಮೂದಿಸಿಕೊಂಡ. ಟೋಲ್ಕಿನ್ ಬರೆದ ಮಾರ್ಡರ್ ನಾಡಿಗೆ ಮೂರು ದಿಕ್ಕಿನಲ್ಲಿ ಪೆಟ್ಟಿಗೆಯ ಗೋಡೆಯಂತೆ ಬೆಟ್ಟಗಳಿವೆ. ಬೆಟ್ಟಗಳು ಹಾಗೆ ಮೂಲೆ ತಿರುಗಿ ಬೆಳೆಯುವುದಿಲ್ಲ ಎಂದು ಭೂವಿಜ್ಞಾನ ಬಲ್ಲ ಓದುಗರು ತಕರಾರು ತೆಗೆಯುತ್ತಾರೆ. ನಮ್ಮ ಪುರಾಣಗಳ ಜಂಬೂದ್ವೀಪದ ನಡುವೆ ಮೇರು ಪರ್ವತ, ದ್ವೀಪಗಳ ಸುತ್ತ ಉಪ್ಪುನೀರು, ಕಬ್ಬಿನರಸ, ತುಪ್ಪ, ಹಾಲಿನ ಕಡಲುಗಳು. ಅದನ್ನು ತಪ್ಪು ಎನ್ನಲಾಗದು. ಆ ನಕ್ಷೆ ಕಲ್ಲು ಮಣ್ಣಿನ ಲೆಕ್ಕ ಕೊಡುತ್ತೇನೆಂದು ಮಾತು ಕೊಟ್ಟಿರಲಿಲ್ಲ.

ಆದರೆ ‘ಇಲ್ಲಿ ಮನುಷ್ಯರು ಹಸಿಯುತ್ತಾರೆ, ಬರಕ್ಕೆ ಸಾಯುತ್ತಾರೆ’ ಎಂದು ಬರೆದ ಕೂಡಲೇ ನಾವು ಮಾತು ಕೊಟ್ಟಂತೆ. ನದಿಗಳು ಇಳಿಜಾರಿಗೆ ಹರಿಯುತ್ತವೆ. ಹರಿಯುತ್ತ ಒಂದಕ್ಕೊಂದು ಸೇರುತ್ತವೆ. ಕಡಲು ಹತ್ತಿರವಾಗಿ ಮುಖಜಭೂಮಿ ಬರುವವರೆಗೆ ಕವಲೊಡೆಯುವುದು ಅಪರೂಪ. ಕೆರೆ ತುಂಬಿದರೆ ನೀರು ಹೊರಹೋಗುವ ದಾರಿ ಸಾಮಾನ್ಯವಾಗಿ ಒಂದೇ. ಈ ನಿಯಮಗಳನ್ನು ಪಾಲಿಸುವುದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ನಾಯಕನಿಗೆ ದಾಹವಾದಾಗ ಹೊಳೆಯೊಂದು ಗುಡ್ಡ ಹತ್ತಿ ಬರುವುದಾದರೆ, ಅದೇ ಕಥೆಯಲ್ಲಿ ನೀರಿಲ್ಲದೆ ಸತ್ತವಳು ಯಾಕೆ ಸತ್ತಳು? ಬರೆದವನ ಮರ್ಜಿಯಿಂದ ಸತ್ತಳು, ಅಷ್ಟೇ. ಅವಳ ಸಾವಿಗೆ ಕಾರಣವೇ ಇಲ್ಲದಂತಾಗುತ್ತದೆ. ನೆಲದ ನಿಯಮಕ್ಕೆ ತಲೆಬಾಗುವುದೆಂದರೆ ಪಾತ್ರಗಳ ನೋವಿಗೆ ಕಾರಣವನ್ನು ಉಳಿಸಿಕೊಡುವುದು.

ಇಷ್ಟರ ತನಕ ನನ್ನ ನಕ್ಷೆ ಸರಿಯಾಗೇ ಇತ್ತು. ನಮ್ಮ ನೆಲವನ್ನೇ ನೋಡಿ ಬರೆದದ್ದು. ಯಾದಗಿರಿಯ ಕೋಟೆಗುಡ್ಡ, ಶಹಾಪುರದ ‘ಮಲಗಿದ ಬುದ್ಧ’ನ ಬೆಟ್ಟ, ಸುರಪುರವನ್ನು ಸುತ್ತಿದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಜಾತಿಯ ಕಲ್ಲು. ನೆಲದಾಳದಲ್ಲಿ ತಣ್ಣಗಾದ ಕಲ್ಲು, ಮೇಲಿನದೆಲ್ಲ ಸವೆದುಹೋದ ಮೇಲೆ ಬಯಲಿಗೆ ಬಂತು. ಬಿರುಕುಗಳಲ್ಲಿ ಇಳಿದ ನೀರು ಮೂಲೆಗಳನ್ನು ತಿಂದು ಬಂಡೆಗಳನ್ನು ದುಂಡಗೆ ಮಾಡಿತು. ಬುದ್ಧನನ್ನು ಯಾರೂ ಕಡೆದಿಲ್ಲ. ಉಳಿದೆಲ್ಲ ಹೋದ ಮೇಲೆ ಉಳಿದವನು ಅವನು. ಮಹಾಬಲೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಅರಬ್ಬೀ ಸಮುದ್ರ 65 ಕಿ.ಮೀ. ಆಸುಪಾಸಿನಲ್ಲೇ ಇದೆ. ಆದರೂ ಅವಳು ಪೂರ್ವಕ್ಕೆ ತಿರುಗಿ ಸುಮಾರು 1400 ಕಿ.ಮೀ. ನಡೆದು ಬಂಗಾಳ ಕೊಲ್ಲಿ ಸೇರುತ್ತಾಳೆ. ಯಾರಾದರೂ ಇದನ್ನು ಕಾದಂಬರಿಯ ನಕ್ಷೆಯಲ್ಲಿ ಎಳೆದಿದ್ದರೆ ನಾವು ನಂಬುತ್ತಿರಲಿಲ್ಲ. ಇಡೀ ಪ್ರಸ್ಥಭೂಮಿಯೇ ಪೂರ್ವಕ್ಕೆ ವಾಲಿದೆ ಎಂಬುದು ಅದರ ಕಾರಣ. ಭೀಮೆಯದೂ ಅದೇ ದಾರಿ. ಇಬ್ಬರೂ ರಾಯಚೂರು ಜಿಲ್ಲೆಯಲ್ಲಿ ಕೂಡುತ್ತಾರೆ. ಶಹಾಪುರ, ಸುರಪುರ ಈ ಇಬ್ಬರ ನಡುವಿನ ನಾಡು.

ತಪ್ಪು ನನ್ನ ಟಿಪ್ಪಣಿಯಲ್ಲಿತ್ತು. ಮಳೆ ಯಾಕೆ ಕಡಿಮೆ ಎಂಬುದಕ್ಕೆ ಬೆಟ್ಟ ಉತ್ತರ ಹೇಳುತ್ತದೆ. ಜನ ಯಾಕೆ ಬಡವರು ಎಂಬುದಕ್ಕೆ ಹೇಳುವುದಿಲ್ಲ. ನಾನು ಮೊದಲನೆಯ ಉತ್ತರವನ್ನೇ ಎರಡನೆಯ ಪ್ರಶ್ನೆಗೂ ಅಂಟಿಸಿದ್ದೆ. ಇದು ಕಾದಂಬರಿಕಾರರ ತಪ್ಪು ಮಾತ್ರವಲ್ಲ. ‘ಆ ಕಡೆ ಬಿಸಿಲು, ಕಲ್ಲು, ಬರ, ಅದಕ್ಕೇ ಹಿಂದುಳಿದಿದೆ’ ಎಂಬ ಮಾತನ್ನು ನಮ್ಮ ಭಾಗದವರು ಬೆಂಗಳೂರಿನ ಹಾಸ್ಟೆಲುಗಳಲ್ಲಿ ಎಷ್ಟು ಸಲ ಕೇಳಿಲ್ಲ! ಕಲ್ಲಿನ ಮೇಲೆ ಹೊರೆ ಹಾಕಿದರೆ ಯಾರೂ ಉತ್ತರಿಸಬೇಕಾಗಿಲ್ಲ. ಕಲ್ಲು ತಿರುಗಿ ಮಾತಾಡುವುದಿಲ್ಲವಲ್ಲ.

ಮನುಷ್ಯರು ಎಳೆದ ಗೆರೆಗಳು ಬೇರೆಯೇ ಕಥೆ ಹೇಳುತ್ತವೆ. 1858ರ ಬಂಡಾಯದ ನಂತರ ನಾಯಕರ ಸಂಸ್ಥಾನವನ್ನು ಕಿತ್ತುಕೊಂಡ ಬ್ರಿಟಿಷರು 1860ರಲ್ಲಿ ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು, 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಇಷ್ಟರಲ್ಲಿ ಒಂದು ಬಂಡೆಯೂ ಅಲುಗಾಡಲಿಲ್ಲ. ಆದರೆ ಶಾಲೆ, ರಸ್ತೆ, ಕೆಲಸ ಯಾರಿಗೆ ಎಂಬುದು ಪ್ರತಿ ಸಲವೂ ಬೇರೆ ಊರಿನಲ್ಲಿ ತೀರ್ಮಾನವಾಯಿತು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡಿತು. ಎಡದಂಡೆ ಕಾಲುವೆ ಹರಿದಲ್ಲಿ ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆಯ ಕೊನೆಯ ಭಾಗದ ರೈತರು ನೀರು ತಲುಪಲಿಲ್ಲವೆಂದು ಧರಣಿ ಕೂರುತ್ತಾರೆ. ಕಾಲುವೆ ಮುಟ್ಟದ ಊರುಗಳಿಂದ ಜನ ಕಟ್ಟಡದ ಕೆಲಸಕ್ಕೆ ಬೆಂಗಳೂರು, ಮುಂಬೈಗೆ ಗುಳೆ ಹೋಗುತ್ತಾರೆ. ಮಳೆ ಒಂದೇ, ಮಣ್ಣು ಒಂದೇ. ನಡುವೆ ಇರುವುದು ಒಂದು ಗೆರೆ, ಅದರ ಮೇಲೊಂದು ತೂಬು, ತೂಬಿನ ಕೀಲಿ ಹಿಡಿದ ಒಂದು ಕೈ.

ಹಾಗೆಂದು ಕಲ್ಲಿಗೆ ಏನೂ ಪಾತ್ರವಿಲ್ಲ ಎಂದಲ್ಲ. ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಆದಿಮಾನವರು ಕಲ್ಲಿನ ಆಯುಧ ತಯಾರಿಸುತ್ತಿದ್ದ ಜಾಗವನ್ನು ಉತ್ಖನನ ಮಾಡಿತು. ಸುಮಾರು 12 ಲಕ್ಷ ವರ್ಷಗಳ ಹಿಂದಿನದು ಎಂಬ ಅಂದಾಜಿದೆ. ಅವರು ಅಲ್ಲೇ ಸಿಗುವ ಸುಣ್ಣಕಲ್ಲಿನ ಹಲಗೆಗಳಲ್ಲಿ ತಕ್ಕದ್ದನ್ನು ಆರಿಸಿ ಕೊಡಲಿ ಮಾಡಿಕೊಂಡರು. ಕಲ್ಲು ಅವರ ಮುಂದೆ ಇದ್ದದ್ದನ್ನು ಇಟ್ಟಿತು; ಆರಿಸಿದವರು ಅವರು. ನೆಲಕ್ಕೂ ಮನುಷ್ಯರಿಗೂ ಇರುವ ಸಂಬಂಧ ಅಂದಿನಿಂದ ಹೀಗೇ ಇದೆ ಎಂದು ನನಗನ್ನಿಸುತ್ತದೆ.

ಹಾಗಾದರೆ ವಾಸ್ತವಕ್ಕೆ ಹತ್ತಿರವಾದ ನಕ್ಷೆ ಎಂದರೇನು? ನದಿ ಸರಿಯಾದ ಕಡೆ ಹರಿದರೆ ಅರ್ಧ ಕೆಲಸ ಮುಗಿದಂತೆ. ಎಲ್ಲಿ ನೆಲದ ನಿಯಮ ಮುಗಿದು ಮನುಷ್ಯರ ತೀರ್ಮಾನ ಶುರುವಾಗುತ್ತದೆ ಎಂಬುದನ್ನು ಮುಚ್ಚಿಡದೆ ತೋರಿಸುವುದು ಇನ್ನರ್ಧ. ಮೊದಲನೆಯದನ್ನು ಬಿಟ್ಟರೆ ಕಥೆ ಮಾಯಾಜಾಲವಾಗುತ್ತದೆ, ಎರಡನೆಯದನ್ನು ಬಿಟ್ಟರೆ ಅನ್ಯಾಯವೂ ಬೆಟ್ಟದಷ್ಟೇ ಸಹಜವಾಗಿ ಕಾಣತೊಡಗುತ್ತದೆ. ಎರಡನೆಯ ತಪ್ಪು ಹೆಚ್ಚು ಅಪಾಯದ್ದು, ಯಾಕೆಂದರೆ ಅದು ವಿಜ್ಞಾನದ ಅಂಗಿ ತೊಟ್ಟು ಬರುತ್ತದೆ.

ನನ್ನ ಹಾಳೆಯಲ್ಲಿ ಬೆಟ್ಟ, ನದಿ ಹಾಗೇ ಇವೆ. ಟಿಪ್ಪಣಿಯನ್ನು ಅಳಿಸಿದ್ದೇನೆ. ಆ ಜಾಗದಲ್ಲಿ ಈಗ ಒಂದು ಕಾಲುವೆ, ಮೂರು ತೂಬು, ಕೊನೆಗೊಂದು ಒಣ ಹೊಲ ಇದೆ. ಕೀಲಿ ಯಾರ ಬಳಿ ಇದೆ ಎಂಬುದನ್ನು ಇನ್ನೂ ಬರೆದಿಲ್ಲ. ಅದನ್ನು ಬರೆಯದೆ ಕಾದಂಬರಿಯ ಮೊದಲ ಅಧ್ಯಾಯ ಮುಂದೆ ಹೋಗುತ್ತಿಲ್ಲ.