ಹೊಸ ಕೈಗಡಿಯಾರದ ಹತ್ತು ಸೆಕೆಂಡು



ಹೊಸೂರು, ಕೃಷ್ಣಗಿರಿ ಸೀಮೆಯ ಭಕ್ತರಿಗೆ ಗಡಿಯಾರ ಹೊಸ ವಸ್ತುವಲ್ಲ. ನಮ್ಮ ಹಿರಿಯರ ಮುಂಗೈ ಮೇಲೆ ಇದ್ದುದು ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಅದರ ಗಡಿಯಾರ ಕಾರ್ಖಾನೆ ಶುರುವಾಯಿತು. 2016ರಲ್ಲಿ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿತು. ಈ ನಡುವೆ, 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಸ್ಥಾಪಿಸಿದ ಟೈಟನ್ ಕಂಪನಿ ಹೊಸೂರಿನಲ್ಲೇ ಕಾರ್ಖಾನೆ ತೆರೆಯಿತು. ಅಲ್ಲಿಂದ ಬಂದ ಸೆಲ್ ವಾಚುಗಳು ಮನೆಮನೆ ಸೇರಿದವು, ಕೀ ಕೊಡುವ ವಾಚು ಮೂಲೆ ಸೇರಿತು. ಈಗ ಮತ್ತೆ ಕೈಯಲ್ಲಿ ನಾಲ್ಕು ಕಾಸಿರುವ ತರುಣರು ಅದನ್ನೇ ಹುಡುಕಿ ಕೊಳ್ಳುತ್ತಿದ್ದಾರೆ.

ಕೊಂಡ ಮೇಲೆ ಅವರು ಮಠಕ್ಕೆ ಬಂದು ಕೇಳುವ ಪ್ರಶ್ನೆ ಒಂದೇ. ಇಷ್ಟು ದುಡ್ಡು ಸುರಿದು ತಂದ ಹೊಸ ವಾಚು ದಿನಕ್ಕೆ ಹತ್ತು ಸೆಕೆಂಡು ಮುಂದೆ ಓಡುತ್ತದೆ, ಹಳೆಯ ಸೆಲ್ ವಾಚೇ ಸರಿಯಾಗಿತ್ತು, ನಾವು ಮೋಸ ಹೋದೆವೆ ಬುದ್ಧಿ?

ಇಲ್ಲ. ಒಂದು ದಿನಕ್ಕೆ 86,400 ಸೆಕೆಂಡು. ಹತ್ತು ಸೆಕೆಂಡೆಂದರೆ ಅದರಲ್ಲಿ 8,640ನೆಯ ಒಂದು ಪಾಲು. 8,640 ಕಿಲೋ ಟೊಮೆಟೊ ತೂಗಿ ಒಂದೇ ಕಿಲೋ ವ್ಯತ್ಯಾಸ ತೋರುವ ತಕ್ಕಡಿ ಯಾವ ಮಂಡಿಯಲ್ಲಿದೆ, ವ್ಯಾಪಾರಸ್ಥರೇ ಹೇಳಲಿ. ಸ್ವಿಟ್ಜರ್‌ಲೆಂಡಿನಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಉತ್ತಮ ವಾಚುಗಳಿಗೂ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗಲು ಅವಕಾಶವಿದೆ. ಸೆಲ್ ವಾಚಿನೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕೀ ಕೊಡುವ ವಾಚಿನ ತೂಗುಚಕ್ರ ಮಿಡಿಯುವುದು ಸೆಕೆಂಡಿಗೆ ಐದೋ ಆರೋ ಎಂಟೋ ಬಾರಿ. ಎರಡಕ್ಕೂ ಸರಿಸಾಟಿ ಕಟ್ಟುವುದು ಎತ್ತಿನ ಗಾಡಿಯನ್ನು ರೈಲಿಗೆ ಹೋಲಿಸಿದಂತೆ. (ಅನೇಕ ವಾಚುಗಳಲ್ಲಿ ಈ ಮಿಡಿತ ಗಂಟೆಗೆ 21,600. ಮನುಷ್ಯನ ಒಂದು ದಿನದ ಉಸಿರೂ 21,600 ಎಂಬುದು ಯೋಗಿಗಳ ಲೆಕ್ಕ. ಇದು ಕಾಕತಾಳೀಯವಷ್ಟೆ, ಭಕ್ತರು ಇದರಲ್ಲಿ ಗೂಢಾರ್ಥ ಹುಡುಕಬೇಕಿಲ್ಲ.)

ನೋಡಬೇಕಾದುದು ಬೇರೆ. ಒಂದು ವಾಚು ದಿನವೂ ಎಂಟು ಸೆಕೆಂಡು ಮುಂದೆ ಹೋಗುತ್ತದೆ. ಇನ್ನೊಂದು ಇಂದು ಇಪ್ಪತ್ತು ಮುಂದೆ, ನಾಳೆ ಹದಿನೆಂಟು ಹಿಂದೆ. ಎರಡು ದಿನದ ಲೆಕ್ಕದಲ್ಲಿ ಎರಡನೆಯದೇ ಸರಿಯೆನಿಸುತ್ತದೆ. ಆದರೆ ರಿಪೇರಿಯವನು ಮೊದಲನೆಯದನ್ನು ಒಂದು ಸಣ್ಣ ಕಡ್ಡಿ ಸರಿಸಿ ಸರಿಮಾಡಿಬಿಡುತ್ತಾನೆ. ಎರಡನೆಯದನ್ನು ಪೂರಾ ಬಿಚ್ಚಬೇಕು. ಶಿವರಾತ್ರಿಯಂದು ಮೂರು ಗಂಟೆ ಕುಳಿತು, ಆಮೇಲೆ ಹತ್ತು ದಿನ ಇಷ್ಟಲಿಂಗವನ್ನು ಕರಡಿಗೆಯಿಂದ ತೆಗೆಯದವರ ಪೂಜೆಯೂ ಸರಾಸರಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. ವಾಚು ಹಿಂದೆ ಬಿದ್ದರೆ ನಮಗೆ ಸಿಟ್ಟು, ಮುಂದೆ ಓಡಿದರೆ ಒಳಗೊಳಗೇ ಸಂತೋಷ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಏನು ಮಾಡಿದಳು? ನಮಗೆ ಇಷ್ಟೇಕೆಂದು ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದಳು. ಆ ತಾಯಿಯ ಲೆಕ್ಕದಲ್ಲಿ ಕಡಿಮೆಯಂತೆ ಹೆಚ್ಚೂ ತಪ್ಪೇ.

ಈಗ ನಿಮಗೆ ಕಹಿಯೆನಿಸುವ ಮಾತಿಗೆ ಬರುತ್ತೇವೆ. ಹತ್ತು ಸೆಕೆಂಡಿಗೆ ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುವ ನಾವು, ಗುಲಾಬಿ ತೋಟದಲ್ಲಿ, ಟೊಮೆಟೊ ಹೊಲದಲ್ಲಿ, ಮಂಡಿಯಲ್ಲಿ ದುಡಿಯುವವರನ್ನು ಸಂಜೆ ಎಷ್ಟು ಹೊತ್ತಿಗೆ ಬಿಡುತ್ತೇವೆ? "ಇನ್ನು ಹತ್ತೇ ನಿಮಿಷ" ಎಂದು ಇಪ್ಪತ್ತು ಆಳುಗಳನ್ನು ನಿಲ್ಲಿಸಿಕೊಂಡರೆ ಇನ್ನೂರು ನಿಮಿಷ, ಮೂರು ಗಂಟೆ ಇಪ್ಪತ್ತು ನಿಮಿಷದ ದುಡಿಮೆ ಕೂಲಿಯಿಲ್ಲದೆ ನಮ್ಮ ಮನೆಗೆ ಬಂತು. ತೂಕದ ಬಟ್ಟಿಗೆ ಸರ್ಕಾರದ ಮುದ್ರೆಯುಂಟು, ಕೂಲಿಯವಳ ಹೊತ್ತಿಗೆ ಮುದ್ರೆ ಒತ್ತುವವರು ಯಾರು? ಬೆಳಿಗ್ಗೆ ಮಾತ್ರ ತಡವಾಯಿತೆಂದು ಅವಳಿಗೆ ವಾಚು ತೋರಿಸುತ್ತೇವೆ. ಅವಳು ನೋಡಿ ಬಂದದ್ದು ಬಿಸಿಲನ್ನು. ಭಾರತದ ಹೊತ್ತನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಹೊಸೂರು 78 ಡಿಗ್ರಿಯ ಸಮೀಪದಲ್ಲಿದೆ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೇರುವುದು ವಾಚಿನ ಹನ್ನೆರಡು ಕಳೆದು ಸರಾಸರಿ ಹದಿನೆಂಟು ಹತ್ತೊಂಬತ್ತು ನಿಮಿಷಕ್ಕೆ. ಅವಳ ಹೊತ್ತೂ ಸುಳ್ಳಲ್ಲ.

ಹೊಸ ವಾಚು ಕೊಂಡವರು ಹೀಗೆ ಮಾಡಿ. ಮೊದಲ ಕೆಲವು ವಾರ ಅದು ಹದಕ್ಕೆ ಬರಲಿ. ಪ್ರತಿದಿನ ಪೂಜೆ ಮುಗಿದೊಡನೆ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಡಿ. ರಾತ್ರಿ ಒಂದೇ ಮಗ್ಗುಲಲ್ಲಿ ಇಡಿ, ಏಕೆಂದರೆ ಮಲಗಿಸಿದಾಗ ಒಂದು ಗತಿ, ನಿಲ್ಲಿಸಿದಾಗ ಇನ್ನೊಂದು. ಸ್ಪೀಕರು, ಅಯಸ್ಕಾಂತಗಳಿಂದ ದೂರವಿರಲಿ. ದಿನಕ್ಕೊಮ್ಮೆ ಮೊಬೈಲಿನ ಸಮಯಕ್ಕೆ ಹೋಲಿಸಿ, ವ್ಯತ್ಯಾಸವನ್ನು ಲೆಕ್ಕದ ಪುಸ್ತಕದಲ್ಲಿ ಹತ್ತು ದಿನ ಬರೆಯಿರಿ. ಅದರ ಪಕ್ಕದಲ್ಲೇ ಆ ಸಂಜೆ ಆಳುಗಳನ್ನು ಬಿಟ್ಟ ಹೊತ್ತನ್ನೂ ಬರೆಯಿರಿ. ಬರುವ ಅಮಾವಾಸ್ಯೆಗೆ ಆ ಪುಸ್ತಕವನ್ನು ಮಠಕ್ಕೆ ತನ್ನಿ, ಎರಡು ಸಾಲನ್ನೂ ಕೂಡಿ ಓದೋಣ.