ಬುಡದಲ್ಲಿ ಉಳಿದ ಜೀವ

ಕಡಿದ ಮರದ ವಿಷಯದಲ್ಲಿಯೂ ಯೋಬನು ನಿರೀಕ್ಷೆಯನ್ನು ಕಂಡನೆಂಬದನ್ನು ನಾವು ಬಲ್ಲೆವು. ಅದಕ್ಕೆ ಸಾಕ್ಷಿಯಾದ ಒಂದು ಮರವು ಅಮೇರಿಕಾ ದೇಶದಲ್ಲಿ ಉಂಟು. ಅದರ ಹೆಸರು ಚೆಸ್ಟ್‌ನಟ್. ಅಪಲೇಚಿಯನ್ ಬೆಟ್ಟಗಳ ಬಡವರು ಅದರ ಬೀಜಗಳನ್ನು ತಿಂದು, ಮಾರಿ, ಹಂದಿಗಳನ್ನು ಮೇಯಿಸಿ, ಅದರ ಹಲಗೆಗಳಿಂದ ಮನೆ ಬೇಲಿಗಳನ್ನು ಕಟ್ಟಿ ಬದುಕುತ್ತಿದ್ದರು. 1904ರಲ್ಲಿ ನ್ಯೂಯಾರ್ಕ್ ಪಟ್ಟಣದ ಮೃಗಾಲಯದಲ್ಲಿ ಈ ಮರಗಳು ಒಣಗುವದನ್ನು ಕಂಡರು. ಏಷ್ಯಾ ಖಂಡದ ಸಸಿಗಳೊಡನೆ ಬಂದ ಒಂದು ಬೂಷ್ಟು ತೊಗಟೆಯ ಬಿರುಕಿನಿಂದ ಹೊಕ್ಕು, ಕಾಂಡವನ್ನು ಸುತ್ತಿಕೊಂಡು ಕೊಲ್ಲುತ್ತಿತ್ತು. 1950ರ ಹೊತ್ತಿಗೆ ಮುನ್ನೂರು ನಾನೂರು ಕೋಟಿ ಮರಗಳು ನಾಶವಾದವು.

ಆದರೂ ಬೇರು ಸಾಯಲಿಲ್ಲ. ಯಾಕಂದರೆ ಆ ಬೂಷ್ಟು ಮಣ್ಣಿನೊಳಗೆ ಬಲಗೊಳ್ಳಲಾರದು. ಬುಡದಿಂದ ಚಿಗುರು ಏಳುತ್ತದೆ, ಹೂಬಿಡುವ ಮೊದಲೇ ಹೆಚ್ಚಾಗಿ ರೋಗಕ್ಕೆ ತುತ್ತಾಗುತ್ತದೆ, ಬೇರು ಪುನಃ ಚಿಗುರುತ್ತದೆ. ಎಲ್ಲಿಯೋ ಒಂದೊಂದು ಮಾತ್ರ ದೊಡ್ಡದಾಗಿ ಬೆಳೆಯುವದು. ಅಂಥದನ್ನು ಹುಡುಕುವವರಿಂದ ನಾವು ಮೂರು ಸಂಗತಿಗಳನ್ನು ಕಲಿಯೋಣ.

ಮೊದಲನೆಯದು, ತಕ್ಕ ಕಾಲದಲ್ಲಿ ನೋಡಬೇಕು. ಜೂನ್ ಜುಲೈ ತಿಂಗಳುಗಳಲ್ಲಿ ಅದರ ಕೆನೆಬಣ್ಣದ ಹೂಗಳು ಕಾಡಿನ ಹಸುರಿನ ಮೇಲೆ ದೂರಕ್ಕೆ ಕಾಣುತ್ತವೆ. ಮೇನ್ ಸಂಸ್ಥಾನದ ಲೊವೆಲ್ ಎಂಬಲ್ಲಿ 115 ಅಡಿ ಎತ್ತರದ ಮರವೊಂದನ್ನು ವಿಮಾನದಿಂದ ಹೂವಿನ ಗುರುತಿನಿಂದಲೇ ಕಂಡುಹಿಡಿದರು. 2015ರಲ್ಲಿ ಅದರ ಸುದ್ದಿಯು ಪ್ರಕಟವಾಯಿತು.

ಎರಡನೆಯದು, ಒಂದೇ ಗುರುತನ್ನು ನಂಬಬಾರದು. ಹಿತ್ತಲುಗಳಲ್ಲಿ ನೆಟ್ಟ ಚೀನಾ ದೇಶದ ಚೆಸ್ಟ್‌ನಟ್ ಮರಕ್ಕೂ ಹಲ್ಲುಹಲ್ಲಾದ ಎಲೆ, ಮುಳ್ಳಿನ ಕಾಯಿ ಉಂಟು. ಆದರೆ ಅದರ ಎಲೆಯು ದಪ್ಪವಾಗಿ ಹೊಳೆಯುತ್ತದೆ. ಎಲೆಯ ಅಡಿಯಲ್ಲಿಯೂ ಎಳೆಯ ಕಡ್ಡಿಯಲ್ಲಿಯೂ ನವಿರಾದ ರೋಮವಿರುತ್ತದೆ. ಅಮೇರಿಕದ ಮರದ ಎಲೆಯೋ ತೆಳ್ಳಗೆ, ಹೊಳಪಿಲ್ಲದೆ ಇರುವದು. ಅದರ ಒಂದೊಂದು ನರದ ತುದಿಗೆ ಕೊಕ್ಕೆಯಂತೆ ಬಾಗಿದ ಹಲ್ಲು ಇರುವದು. ಕಡ್ಡಿಯು ನುಣುಪು, ಬೀಜವು ಚಿಕ್ಕದು. ಎರಡೂ ಜಾತಿ ಬೆರೆತ ಮರಗಳೂ ಉಂಟು. ಆದದರಿಂದ ಬಲ್ಲವರು ಎಲೆ, ಕಡ್ಡಿ, ಮೊಗ್ಗು, ಕಾಯಿ ಎಲ್ಲವನ್ನೂ ಕೂಡಿಸಿ ನೋಡಿದ ಮೇಲೆಯೇ ತೀರ್ಪು ಹೇಳುತ್ತಾರೆ. 1983ರಲ್ಲಿ ಸ್ಥಾಪಿತವಾದ ಅಮೇರಿಕನ್ ಚೆಸ್ಟ್‌ನಟ್ ಫೌಂಡೇಶನ್ ಎಂಬ ಸಂಘವು ಜನರು ಕಳುಹಿಸುವ ಎಲೆ ಕಡ್ಡಿಗಳನ್ನು ಹೀಗೆಯೇ ಪರೀಕ್ಷಿಸುತ್ತದೆ.

ಮೂರನೆಯದು, ಕಂಡದ್ದನ್ನು ಒಂಟಿಯಾಗಿ ಬಿಡಬಾರದು. ಈ ಮರವು ತನ್ನ ಪರಾಗದಿಂದ ತಾನೇ ಫಲಿಸದು. ನೆರೆಯಲ್ಲಿ ಜೊತೆಮರವಿಲ್ಲದಿದ್ದರೆ ಮುಳ್ಳಿನ ಕಾಯಿಯೊಳಗೆ ಬೀಜವು ಜೊಳ್ಳಾಗಿರುವದು. ಆದದರಿಂದ ಜನರು ದೂರದ ಮರದ ಪರಾಗವನ್ನು ತಂದು ಕೈಯಿಂದ ಹೂವಿಗೆ ಮುಟ್ಟಿಸುತ್ತಾರೆ.

ಪ್ರಿಯರೇ, ನಮ್ಮ ಮನೆಗಳಲ್ಲಿಯೂ ಸಭೆಯಲ್ಲಿಯೂ ಇವನು ಒಣಗಿದ ಕೊರಡೆಂದು ನಾವು ತೀರ್ಪುಮಾಡಿ ಬಿಟ್ಟವರು ಇಲ್ಲವೋ? ಕೊಡಲಿಯನ್ನು ಎತ್ತುವ ಮುಂಚೆ ಬುಡವನ್ನು ನೋಡೋಣ. ಒಂದು ತಪ್ಪನ್ನು ಕಂಡು ಮನುಷ್ಯನನ್ನೆಲ್ಲಾ ಅಳೆಯದಿರೋಣ. ಚಿಗುರನ್ನು ಕಂಡರೆ ಅವನನ್ನು ಒಂಟಿಯಾಗಿ ಬಿಡದೆ ನೆರೆಯಲ್ಲಿ ನಿಲ್ಲೋಣ.